ನಾನು ಓದಿ ಹೇಳಿದ ಕೊನೆಯ ಅಧ್ಯಾಯ

ನವೆಂಬರ್ ೩, ಸೋಮವಾರ

ಗಿರಾಕಿಯೊಬ್ಬರ ಪ್ಯಾಂಟಿನ ಕೆಟ್ಟ ಜಿಪ್ ಬಿಚ್ಚುತ್ತಾ ಕೂತಿದ್ದೆ, ಕಾಜಾಳ ಫೋನ್ ಬಂತು. ಹೇಗಿದ್ದೀಯ ಎಂದು ಕೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ.

"ಏ ಪಂಡಿತೆ, ನಮ್ಮ ದೋಣಿಯವಳು ಸಿನಿಮಾ ಆಗಿದಾಳಂತಲ್ಲೇ! ಬಸ್ ಸ್ಟಾಪಿನ ಗೋಡೆ ತುಂಬಾ ಪೋಸ್ಟರ್. ದೋಣಿ ಇದೆ, ಹೊಳೆ ಇದೆ, ಸೇತುವೆ ಇದೆ. ಎಲ್ಲಾ ಸರಿ, ಅಳತೆಗಾರನಿಗೆ ಮೀಸೆನೇ ಇಲ್ಲ! ನಮ್ಮವನಿಗೆ ಮೀಸೆ ಇತ್ತು ತಾನೆ?"

"ಇತ್ತಕ್ಕ," ಎಂದೆ.

"ಮತ್ತೆ! ಇಪ್ಪತ್ತೊಂದಕ್ಕೆ ಬಿಡುಗಡೆಯಂತೆ, ಶುಕ್ರವಾರ. ಅವತ್ತು ನೀನು ಯಾರ ಪ್ಯಾಂಟೂ ಒಪ್ಕೋಬೇಡ. ಆ ಕೋಣೆಯವರು ಅಂತ ಉಳಿದಿರೋದೇ ನಾವಿಬ್ಬರು. ಒಟ್ಟಿಗೆ ನೋಡ್ಬೇಕು."

ಆಗಲಿ ಎಂದು ಫೋನ್ ಇಟ್ಟೆ. ಆಮೇಲೆ ನೋಡಿದರೆ ಜಿಪ್ ಜೊತೆಗೆ ಸೊಂಟದ ಹೊಲಿಗೆಯನ್ನೂ ನಾಲ್ಕು ಇಂಚು ಬಿಚ್ಚಿಹಾಕಿದ್ದೆ.

ಇದನ್ನು ಮಗಳಿಗೆ ಹೇಳುವ ಹಾಗಿಲ್ಲ, ಕಾಜಾಳಿಗಂತೂ ಇಲ್ಲವೇ ಇಲ್ಲ. ಅದಕ್ಕೇ ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಬರೆಯುತ್ತಿದ್ದೇನೆ. ನಲವತ್ತೊಂದು ವರ್ಷದ ಹಿಂದೆ, ಅಂಗಿ ಕಾರ್ಖಾನೆಯ ಕೈಹೊಲಿಗೆ ಕೋಣೆಯಲ್ಲಿ, ಆ ದೋಣಿಯವಳ ಕಾದಂಬರಿಯನ್ನು ಎಂಟು ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿದವಳು ನಾನು. ಕೊನೆಯ ಅಧ್ಯಾಯವನ್ನು ಮಾತ್ರ ಓದಲಿಲ್ಲ. ಪುಸ್ತಕವನ್ನು ಮುಖದ ಮುಂದೆ ಹಿಡಿದುಕೊಂಡು ಬೇರೆಯದನ್ನೇ ಕಟ್ಟಿ ಹೇಳಿದೆ. ಪುಸ್ತಕದಲ್ಲಿ ಅಳತೆಗಾರ ದೋಣಿಯವಳಿಗಾಗಿ ಹಿಂತಿರುಗಿ ಬರುವುದಿಲ್ಲ. ನಾನು ಅವನನ್ನು ಕರೆತಂದೆ. ಕಾಜಾ ಅದನ್ನು ನಂಬಿದಳು, ನಂಬಿ ತನ್ನ ಬದುಕಿನ ದೊಡ್ಡ ನಿರ್ಧಾರವೊಂದನ್ನು ಮಾಡಿದಳು.

ಇಪ್ಪತ್ತೊಂದನೇ ತಾರೀಖು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅವಳಿಗೆ ನಿಜ ಗೊತ್ತಾಗುತ್ತದೆ. ಅಲ್ಲಿಗೆ ನನಗಿರುವ ಒಬ್ಬಳೇ ಗೆಳತಿಯೂ ಹೋದ ಹಾಗೆಯೇ.

ನವೆಂಬರ್ ೫, ಬುಧವಾರ

ಮಗಳು ಲ್ಯಾಬಿನಿಂದ ಬರುವಾಗ ಪುಸ್ತಕ ತಂದಳು. ಹೊಸ ಮುದ್ರಣ, ಮುಖಪುಟದ ಮೇಲೆ ಸಿನಿಮಾದವರ ಮುಖ. "ನಿನ್ನ ಹಳೇ ಪ್ರೇಮಿ ಸಿಕ್ಕಿದ ನೋಡಮ್ಮ," ಎಂದು ಮಡಿಲಿಗೆ ಹಾಕಿದಳು. ದಿನವಿಡೀ ಬೇರೆಯವರ ರಕ್ತ ತೆಗೆದು ಬಂದು, ಸಂಜೆ ನನ್ನದನ್ನು ಹೀರುತ್ತಾಳೆ.

ನಾವು ಓದಿದ ಪ್ರತಿ ಗ್ರಂಥಾಲಯದ್ದು. ಕಂದು ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ, ನೂರಾರು ಕೈಗಳ ಎಣ್ಣೆ ಕುಡಿದು ಮೆತ್ತಗಾದ ಹಾಳೆಗಳು. ಇದು ಬಿಳಿ ಬಿಳಿ, ಗರಿಗರಿ. ಆದರೂ ಮೊದಲ ವಾಕ್ಯ ಓದಿದ ತಕ್ಷಣ ಕಿವಿಯಲ್ಲಿ ನನ್ನದೇ ಹದಿನೇಳರ ದನಿ ಕೇಳಿಸಿತು, ಅದರ ಹಿಂದೆ ಗೋಡೆಯಾಚೆಯ ಮಷೀನುಗಳ ಧಡಧಡ.

ಆ ಕೋಣೆಯನ್ನು ನೆನೆದರೆ ಈಗಲೂ ಬೆರಳ ತುದಿ ಚುರುಗುಟ್ಟುತ್ತದೆ. ಉತ್ತರಕ್ಕೆ ಮೂರು ಕಿಟಕಿ, ನೆಲಕ್ಕೆ ಚಾಪೆ, ನಡುವೆ ಗುಂಡಿ ತುಂಬಿದ ತಗಡಿನ ಡಬ್ಬಿಗಳು, ದಾರಕ್ಕೆ ಸವರುವ ಮೇಣದ ಗಟ್ಟಿ. ಮಷೀನು ಹೊಲಿದು ಬಿಟ್ಟ ಅಂಗಿಗಳಿಗೆ ಗುಂಡಿ, ಕಾಜಾ, ಅಂಚು, ಎಲ್ಲ ನಮ್ಮ ಕೈಯಲ್ಲಿ. ಗುಂಡಿ ತೂರುವ ಆ ಸೀಳಿನ ಸುತ್ತ ದಾರ ಹೊಸೆಯುವ ಕೆಲಸದಲ್ಲಿ ಅವಳನ್ನು ಮೀರಿಸಿದವರಿಲ್ಲ, ಅದಕ್ಕೇ ಅವಳ ಹೆಸರು ಕಾಜಾ ಎಂದಾಯಿತು. ಈಗ ಅದೇ ಕಾರ್ಖಾನೆಯಲ್ಲಿ ಅವಳೇ ಕಟಿಂಗ್ ಮಾಸ್ಟರ್, ಅರವತ್ತಮೂರಾದರೂ ಬಿಟ್ಟಿಲ್ಲ. ನಾನು ಮಾತ್ರ ಇನ್ನೂ ಅವಳನ್ನು ಹಳೆಯ ಹೆಸರಿನಲ್ಲೇ ಕರೆಯುತ್ತೇನೆ.

ಅಲ್ಲಿ ಹತ್ತನೇ ತರಗತಿ ಮುಗಿಸಿದವಳು ನಾನೊಬ್ಬಳೇ, ಆದ್ದರಿಂದ ಪಂಡಿತೆ. ಊಟದ ಡಬ್ಬಿ ತೊಳೆದಿಟ್ಟ ಮೇಲೆ ಒಂದು ಗಂಟೆ ನಾನು ಸೂಜಿ ಕೆಳಗಿಟ್ಟು ಓದಬೇಕು. ಆ ಗಂಟೆಯಲ್ಲಿ ನನ್ನ ಪಾಲಿಗೆ ಬರುವ ಅಂಗಿಗಳನ್ನು ಉಳಿದ ಎಂಟು ಜನ ಹಂಚಿಕೊಂಡು ಮುಗಿಸುವರು. ಯಾರೂ ಬರೆದಿಟ್ಟ ನಿಯಮವಲ್ಲ, ಹಾಗೇ ನಡೆದುಬಂದದ್ದು. ಯಜಮಾನರೂ ಬೇಡವೆನ್ನಲಿಲ್ಲ. "ಓದು ನಡೀತಿದ್ರೆ ಈ ಹೆಂಗಸರ ಬಾಯಿ ಮುಚ್ಚಿ ಕೈ ಓಡತ್ತೆ," ಎನ್ನುತ್ತಿದ್ದರು.

ಓದುವಾಗ ಯಾರಾದರೂ ಮಧ್ಯೆ ಕೇಳುವರು. ಕನ್ನಡಕದಜ್ಜಿ ಎಂದು ಒಬ್ಬರಿದ್ದರು, ಎಲ್ಲರಿಗಿಂತ ಹಿರಿಯರು. "ಅಲ್ವೇ ಮಗಾ, ಅವನಿಗೆ ಮೀಸೆ ಇದ್ಯಾ?" ಎಂದು ಕೇಳಿದರು ಒಮ್ಮೆ. ಇದೆ ಎಂದೆ. ಕೋಣೆಯ ತುಂಬ ನಗು. ಎಂಥ ಮೀಸೆ ಎಂದು ಅರ್ಧ ಮಧ್ಯಾಹ್ನ ಚರ್ಚೆಯಾಯಿತು.

ಇವತ್ತು ಅರವತ್ತು ಪುಟ ಓದಿದೆ. ಮೀಸೆ ಇನ್ನೂ ಬಂದಿಲ್ಲ.

ನವೆಂಬರ್ ೯, ಭಾನುವಾರ

ಮೀಸೆ ಬರುವುದಿಲ್ಲ. ಅಳತೆಗಾರ ಕಾಲಿಟ್ಟ ಪುಟದಿಂದ ಒಂದೊಂದು ಸಾಲೂ ಹುಡುಕಿದೆ. ಅವನ ಹಣೆ ಇದೆ, ಕೈ ಇದೆ, ಸವೆದ ಬೂಟು ಇದೆ. ಮೀಸೆ ನನ್ನದು.

ಹೋಗಲಿ, ಮೀಸೆ ತಾನೆ. ಆದರೆ ಕೊಡೆ?

ಅಳತೆಗಾರ ಸೇತುವೆಗೆ ಜಾಗ ಅಳೆದು ಮುಗಿಸಿ ಹೊರಡುವ ದಿನ, ಅವಳ ದೋಣಿಯಲ್ಲಿ ಬೇಕೆಂದೇ ತನ್ನ ಕೊಡೆಯನ್ನು ಬಿಟ್ಟು ಹೋಗುತ್ತಾನೆ. ಇಡೀ ಕೋಣೆ ಅತ್ತದ್ದು ಆ ಕೊಡೆಗೆ. ಕನ್ನಡಕದಜ್ಜಿ ಕನ್ನಡಕ ತೆಗೆದು ಹೊಲಿಯುತ್ತಿದ್ದ ಅಂಗಿಯಲ್ಲೇ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಯಾರಾದರೂ ಆ ಕಾದಂಬರಿಯ ಮಾತೆತ್ತಿದರೆ ನಾನು ಮೊದಲು ಹೇಳುತ್ತಿದ್ದುದೇ ಕೊಡೆಯ ವಿಷಯ: ಎಂಥ ಲೇಖಕರು, ಒಂದು ಕೊಡೆಯಲ್ಲಿ ಎಷ್ಟು ಹೇಳಿದ್ದಾರೆ!

ಪುಸ್ತಕದಲ್ಲಿ ಕೊಡೆಯೇ ಇಲ್ಲ. ಅವನು ತನ್ನ ಸಾಮಾನನ್ನೆಲ್ಲ ಎಣಿಸಿಕೊಂಡು, ಹಗ್ಗ ಸುತ್ತಿಕೊಂಡು, "ಬರುತ್ತೇನೆ" ಎಂದು ಹೇಳಿ ಹೋಗುತ್ತಾನೆ. ಒಂದೂ ಮರೆತು ಬಿಡುವುದಿಲ್ಲ.

ಅಂದರೆ ಕೊನೆಯ ಅಧ್ಯಾಯಕ್ಕೆ ಮೊದಲೇ ನಾನು ಕೈ ಹಾಕಿದ್ದೆ. ಅವನು ಮರಳಿ ಬರಲು ಒಂದು ನೆಪ ಇರಲೆಂದು ಕೊಡೆ ಬಿಡಿಸಿದ್ದೆ. ಒಂದೇ ದಿನದ ತಪ್ಪು, ಬಾಯಿ ತಪ್ಪಿ ಬಂತು, ಎಂದು ನನಗೆ ನಾನೇ ಹೇಳಿಕೊಂಡು ಬಂದದ್ದೆಲ್ಲ ಸುಳ್ಳು. ಮಗಳು ಬಂದು, "ಏನಮ್ಮ, ಪರೀಕ್ಷೆಗೆ ಓದೋ ಹಾಗೆ ಬೆರಳಿಟ್ಟು ಓದ್ತಿದೀಯ," ಎಂದಳು. ಕಣ್ಣು ಮಂಜಾಗಿದೆ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ನವೆಂಬರ್ ೧೨, ಬುಧವಾರ

ಬರೆದೇಬಿಡುತ್ತೇನೆ.

ಕಾಜಾಳಿಗೆ ಆಗ ಇಪ್ಪತ್ತೆರಡು. ಅವಳನ್ನು ಮದುವೆಯಾಗುತ್ತೇನೆಂದ ಹುಡುಗ ಹಡಗಿನ ಎಂಜಿನ್ ಕೆಲಸಕ್ಕೆ ಹೋಗಿದ್ದ. ಎರಡು ಕಾಗದ ಬಂದಿದ್ದವು. ಅವನ್ನೂ ಓದಿ ಹೇಳಿದವಳು ನಾನೇ, ಅಂಗಿಗಳ ರಾಶಿಯ ಹಿಂದೆ ಕೂತು, ಪಿಸುದನಿಯಲ್ಲಿ. ಮೂರನೆಯದು ಬರಲಿಲ್ಲ. ಎಂಟು ತಿಂಗಳಾಯಿತು. ಮನೆಯಲ್ಲಿ ಔಷಧಿ ಅಂಗಡಿಯವನೊಬ್ಬನನ್ನು ನೋಡಿದ್ದರು. ಒಳ್ಳೆಯವನೇ. ಹೂಂ ಅನ್ನು, ಹೂಂ ಅನ್ನು ಎಂದು ಅವಳ ಅಮ್ಮ ದಿನಾ ಹಿಂಡುತ್ತಿದ್ದರು.

ಕಾದಂಬರಿ ಮುಗಿಯುವ ಹಿಂದಿನ ದಿನ ಕಾಜಾ ಎಲ್ಲರೆದುರು ಹೇಳಿದಳು: "ನೋಡೋಣ, ನಾಳೆ ಅಳತೆಗಾರ ಬಂದ್ರೆ ನಾನೂ ಕಾಯ್ತೀನಿ. ಬರ್ಲಿಲ್ಲ ಅಂದ್ರೆ ಔಷಧಿ ಅಂಗಡಿಗೆ ಹೂಂ ಅಂತೀನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅವಳ ಕೈ ನಿಂತಿತ್ತು. ಸತ್ತವರ ಸುದ್ದಿ ಬಂದರೂ ನಿಲ್ಲದ ಕೈ ಅದು.

ತಡವರಿಸಬಾರದೆಂದು ಪ್ರತಿದಿನವೂ ನಾನು ಮನೆಯಲ್ಲಿ ಮುಂದಿನ ಅಧ್ಯಾಯ ಓದಿಕೊಂಡೇ ಬರುತ್ತಿದ್ದೆ. ಅವನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾರನೆಯ ದಿನ ಪುಸ್ತಕ ಬಿಚ್ಚಿದೆ, ಎಂಟು ಸೂಜಿಗಳು ಮೇಲೆ ಕೆಳಗೆ ಆಡುತ್ತಿದ್ದವು, ಕಾಜಾ ನನ್ನನ್ನು ನೋಡುತ್ತಿರಲಿಲ್ಲ. ನಾನು ಅವನನ್ನು ಕರೆದುಕೊಂಡು ಬಂದೆ.

ಕನಿಕರದಿಂದ ಮಾಡಿದೆ ಎನ್ನಬಹುದು. ಅದೂ ಇತ್ತು. ಆದರೆ ಇನ್ನೊಂದೂ ಇತ್ತು. ಎಂಟು ಜನ ದೊಡ್ಡವರು ನನ್ನ ಬಾಯಿ ನೋಡುತ್ತಾ ಕೂತಿದ್ದರು. ಅವರನ್ನು ಅಳಿಸುವುದು ನಗಿಸುವುದು ನನ್ನ ಕೈಯಲ್ಲಿತ್ತು. ಅದರ ರುಚಿ ನನಗೆ ಹತ್ತಿತ್ತು.

ಕಾಜಾ ಅವತ್ತೇ ಸಂಜೆ ಮನೆಗೆ ಹೋಗಿ ಬೇಡವೆಂದಳಂತೆ. ಆಮೇಲೆ ನಾಲ್ಕು ವರ್ಷ ಕಾದಳು. ಹಡಗಿನವನು ಬರಲಿಲ್ಲ, ಎಲ್ಲಿದ್ದಾನೆಂದೂ ತಿಳಿಯಲಿಲ್ಲ. ಅವಳು ಮದುವೆಯಾಗಲಿಲ್ಲ. ಔಷಧಿ ಅಂಗಡಿಯವರು ಬೇರೆ ಮದುವೆಯಾಗಿ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡರು ಎಂದು ಕೇಳಿದ್ದೇನೆ. ಅವರು ಇರುವವರೆಗೂ ನನಗೆ ತಲೆನೋವಿನ ಮಾತ್ರೆ ಬೇಕಾದರೂ ಎರಡು ಬೀದಿ ಸುತ್ತಿ ಬೇರೆ ಅಂಗಡಿಗೆ ಹೋಗುತ್ತಿದ್ದೆ.

ನವೆಂಬರ್ ೧೪, ಶುಕ್ರವಾರ

ಕೊನೆಯ ಅಧ್ಯಾಯದ ಹೊಸ್ತಿಲಿಗೆ ಬಂದಿದ್ದೇನೆ. ಪುಸ್ತಕ ಮುಚ್ಚಿಟ್ಟು ಮೂರು ಶಾಲಾ ಲಂಗ ಸಣ್ಣ ಮಾಡಿದೆ.

ನವೆಂಬರ್ ೧೫, ಶನಿವಾರ

ಕಾಜಾ ಬಾ ಎಂದಳೆಂದು ಮಧ್ಯಾಹ್ನ ಹೋದೆ. ಕಾರ್ಖಾನೆಯ ಮೇಲಿನ ಎರಡು ಕೋಣೆ ಅವಳ ಮನೆ. ಶನಿವಾರ ಅರ್ಧ ದಿನ, ಕೆಳಗೆ ಮಷೀನು ನಿಂತಿದ್ದವು. ಅವಳು ಕಟಿಂಗ್ ಮೇಜಿನ ಮುಂದೆ ನಿಂತೇ ಇದ್ದಳು, ಕೊರಳಿಗೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಹೊಸದಾಗಿ ಸೇರಿದ ಹುಡುಗಿ ಕತ್ತರಿಸಿದ್ದ ಅಂಗಿ ತೋಳನ್ನು ಎತ್ತಿ ಆ ಹುಡುಗಿಗೇ ತೋರಿಸಿ ಕಾಜಾ ಕೇಳಿದಳು: "ಇದು ಮನುಷ್ಯರ ಕೈಗಾ, ಆನೆ ಸೊಂಡಿಲಿಗಾ?"

ಮೇಲೆ ಹೋಗಿ ಚಹಾ ಮಾಡಿದಳು. ಪುಸ್ತಕ ಮತ್ತೆ ಓದುತ್ತಿದ್ದೇನೆ ಎಂದು ಹೇಳಲೇ ಬೇಡವೇ ಎಂದು ನಾನು ತೂಗುತ್ತಿರುವಾಗಲೇ ಅವಳು ಶುರುಮಾಡಿದಳು.

"ಸಿನಿಮಾದವರು ಕೊನೇದನ್ನ ಹೇಗೆ ತೋರಿಸ್ತಾರೋ ಏನೋ. ಹಾಳು ಮಾಡದಿದ್ರೆ ಸಾಕು. ಸೇತುವೆ ಶುರುವಾದ ದಿನ. ಜನವೋ ಜನ, ವಾದ್ಯ, ಬಾವುಟ. ಯಾರಿಗೂ ದೋಣಿ ಬೇಡ. ಅವಳು ಹುಟ್ಟು ಒಳಗಿಟ್ಟು ಹಗ್ಗ ಕಟ್ತಾ ಇರ್ತಾಳೆ. ಹಿಂದಿನಿಂದ ಒಂದು ದನಿ. 'ದೋಣಿ ಇದೆಯಾ?' ತಿರುಗಿ ನೋಡಿದ್ರೆ ಅವನು! ಸೇತುವೆಗೆ ಅಳತೆ ಹಾಕಿದವನೇ ಬಂದು ದೋಣಿ ಕೇಳ್ತಾನೆ ನೋಡು. ಅವಳೇನಂತಾಳೆ? 'ಕೊಡೆ ಮರೆತು ಹೋಗಿದ್ರಿ' ಅಂತಾಳೆ. ಅಷ್ಟೇ! ಇನ್ನೊಂದು ಮಾತಿಲ್ಲ." ಲೋಟ ಕೆಳಗಿಟ್ಟಳು. "ಹೇಗೆ ಬರೆದಿದ್ದಾರೆ ಅಲ್ವೇನೇ? ಬರೆದವರ ಕೈಗೆ ಚಿನ್ನದ ಕಡಗ ತೊಡಿಸ್ಬೇಕು."

ಒಂದಕ್ಷರವೂ ಬಿಟ್ಟಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ನಾನು ಉಸಿರು ಬಿಗಿಹಿಡಿದು ಕಟ್ಟಿದ ಮಾತುಗಳನ್ನು ಅವಳು ನಲವತ್ತೊಂದು ವರ್ಷ ಕಾಪಾಡಿಟ್ಟಿದ್ದಾಳೆ. ನಾಚಿಕೆಯ ವಿಷಯ ಬರೆಯುತ್ತೇನೆ: ಒಂದು ಕ್ಷಣ ನನಗೆ ಹೆಮ್ಮೆಯಾಯಿತು.

ಚೆನ್ನಾಗಿ ಬರೆದಿದ್ದಾರೆ ಎಂದೆ. ಚಹಾ ಪೂರ್ತಿ ಕುಡಿಯದೆ ಬಂದೆ.

ನವೆಂಬರ್ ೧೮, ಮಂಗಳವಾರ

ಬದುಕಿದೆ! ಮಗಳು ಫೋನಿನಲ್ಲಿ ಏನೋ ಓದುತ್ತಾ ಹೇಳಿದಳು: "ಅಮ್ಮ, ನಿನ್ನ ಕಾದಂಬರಿಯ ಕೊನೆ ಬದಲಾಯಿಸಿಬಿಟ್ಟಿದ್ದಾರಂತೆ. ಪುಸ್ತಕದಲ್ಲಿ ಹೀರೋ ಬರಲ್ವಂತಲ್ಲ, ಸಿನಿಮಾದಲ್ಲಿ ಬರ್ತಾನಂತೆ. ಓದಿದವರೆಲ್ಲ ಬೈತಿದಾರೆ."

ಬೈಯಲಿ, ನನಗೇನು! ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಸ್ಸು. ಶುಕ್ರವಾರ ಕಾಜಾ ಕಣ್ಣೊರೆಸಿಕೊಂಡು, ನೋಡಿದ್ಯಾ ಬಂದ, ಎನ್ನುತ್ತಾಳೆ. ನಾನು ಹೌದಕ್ಕ ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು. ಅವಳು ಇನ್ನು ಆ ದಪ್ಪ ಪುಸ್ತಕ ಓದುವವಳಲ್ಲ. ಬಸ್ಸಿನ ಬೋರ್ಡು, ಬಟ್ಟೆಯ ಚೀಟಿ, ಅಷ್ಟೇ ಅವಳ ಓದು.

ಎಷ್ಟೋ ದಿನದ ಮೇಲೆ ಹಾಡಿಕೊಂಡು ಹೊಲಿದೆ. ಆರು ಪ್ಯಾಂಟು ಮುಗಿದವು.

ನವೆಂಬರ್ ೧೯, ಬುಧವಾರ

ಇನ್ನೇನು ಹೆದರಿಕೆ ಎಂದು ಕೊನೆಯ ಅಧ್ಯಾಯ ತೆರೆದೆ. ಹನ್ನೊಂದೇ ಪುಟ.

ಸೇತುವೆ ಶುರುವಾಗುತ್ತದೆ. ಅವನು ಬರುವುದಿಲ್ಲ. ಅವಳು ದೋಣಿಯನ್ನು ಮೀನುಗಾರನೊಬ್ಬನಿಗೆ ಕೊಟ್ಟುಬಿಡುತ್ತಾಳೆ. ಒಂದು ಬೆಳಿಗ್ಗೆ ತಾನೇ ಸೇತುವೆಯ ಮೇಲೆ ನಡೆದು ಆಚೆ ದಡಕ್ಕೆ ಹೋಗುತ್ತಾಳೆ. ಇಪ್ಪತ್ತು ವರ್ಷ ಜನರನ್ನು ಆ ದಡಕ್ಕೆ ಮುಟ್ಟಿಸಿದವಳು ದಡದ ಮೆಟ್ಟಿಲು ಹತ್ತಿ ಆಚೆಯ ಊರನ್ನು ನೋಡಿಯೇ ಇರಲಿಲ್ಲ. ಇಳಿಸಿದ ಕೂಡಲೇ ಈಚೆಯವರು ಬೇಗ ಬಾ ಎಂದು ಕೂಗುತ್ತಿದ್ದರು. ಈಗ ಆ ಊರೊಳಗೆ ಕಾಲಿಡುತ್ತಾಳೆ. ಒಂದು ಚಪ್ಪಲಿ ಅಂಗಡಿ, ಒಂದು ಗಡಿಯಾರದ ಅಂಗಡಿ. ಚಹಾದ ಅಂಗಡಿಯಲ್ಲಿ ಕೂತು ಬಿಸಿ ಚಹಾ ಕುಡಿಯುತ್ತಾಳೆ, ನಿಧಾನವಾಗಿ. ಕಾದಂಬರಿಯ ಕೊನೆಯ ಸಾಲು: ದಡದಿಂದ ಯಾರೂ ಅವಳನ್ನು ಕೂಗಲಿಲ್ಲ.

ಹದಿನೇಳರಲ್ಲಿ ಈ ಸಾಲು ಓದಿ ನನಗೆ ಎದೆ ಒಡೆದಿತ್ತು. ಯಾರೂ ಕೂಗಲಿಲ್ಲವಂತೆ, ಪಾಪ, ಒಂಟಿ ಹೆಂಗಸು ಎಂದುಕೊಂಡಿದ್ದೆ. ಇವತ್ತು ಓದಿದರೆ ಅವಳ ಹೆಗಲ ಮೇಲಿನ ಭಾರ ಇಳಿದದ್ದು ನನ್ನ ಹೆಗಲಿಗೆ ಗೊತ್ತಾಯಿತು. ಪಾಪ ಎನ್ನುವ ಮಾತೇ ಅಲ್ಲಿಲ್ಲ. ಅವಳು ಕಾಯುವುದನ್ನು ಬಿಟ್ಟದ್ದು ಎರಡು ಅಧ್ಯಾಯ ಹಿಂದೆಯೇ. ಹಳೆ ಹಗ್ಗ ಬಿಚ್ಚಿ ಹೊಸದು ಹೊಸೆಯುವ ಒಂದು ಪುಟವಿದೆಯಲ್ಲ, ಅಲ್ಲೇ. ನಾನು ಅದನ್ನು ಹಗ್ಗದ ವರ್ಣನೆ ಎಂದು ಹಾರಿಸಿ ಓದಿದ್ದೆ.

ನನಗೆ ತಿಳಿಯದ ಕೊನೆಯನ್ನು ದುಃಖದ್ದೆಂದು ನಿರ್ಧರಿಸಿ ಎಸೆದೆ. ಆ ಜಾಗಕ್ಕೆ ಮೀಸೆ ಹೊತ್ತ ಒಬ್ಬನನ್ನು ತಂದು ನಿಲ್ಲಿಸಿದೆ.

ನವೆಂಬರ್ ೨೦, ಗುರುವಾರ

ನಾಳೆ ಸಿನಿಮಾ. ಸುಮ್ಮನಿದ್ದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಬೆಳಿಗ್ಗೆ ಇದನ್ನೇ ಬರೆದಿಟ್ಟು ಎದ್ದೆ. ದಾರದ ಉಂಡೆ ಮುಗಿದಿತ್ತು, ತರಲು ಹೊರಟೆ, ಕಾಲು ಕಾರ್ಖಾನೆಯ ಕಡೆ ಹೋಯಿತು. ಕಾಜಾ ಎಂಟು ಪದರ ಬಟ್ಟೆ ಹಾಸಿ ಕತ್ತರಿಸುತ್ತಿದ್ದಳು. ಮೇಜಿನ ಈಚೆ ನಿಂತು ಹೇಳಿಬಿಟ್ಟೆ. ಕೊಡೆಯಿಂದ ಶುರುಮಾಡಿ, ಮೀಸೆ ಹೇಳಿ, ಕೊನೆಗೆ ಅಳತೆಗಾರ ಬರುವುದಿಲ್ಲ ಎಂಬಲ್ಲಿಗೆ ಬಂದೆ.

"ನೀನೇ ಕಟ್ಟಿದ್ದಾ?" ಎಂದಳು.

"ಹೂಂ ಅಕ್ಕ."

"'ದೋಣಿ ಇದೆಯಾ' ಅನ್ನೋದೂ?"

"ಅದೂ."

ಕತ್ತರಿ ಗೆರೆಯ ಮಧ್ಯೆ ಇತ್ತು. ಅವಳು ನಿಲ್ಲಿಸಲಿಲ್ಲ. ಗೆರೆಯ ಕೊನೆಯವರೆಗೂ ಕತ್ತರಿಸಿ, ಬಟ್ಟೆ ಪಕ್ಕಕ್ಕಿಟ್ಟು, ಟೇಪು ಮಡಿಸಿದಳು.

"ಇಷ್ಟು ವರ್ಷ ಹೇಳದವಳು ಇವತ್ತ್ಯಾಕೆ ಹೇಳ್ದೆ?"

ಸಿನಿಮಾದಲ್ಲಿ ಅವನು ಬರುತ್ತಾನಂತೆ ಎಂದು ಮಾತ್ರ ಹೇಳಿದೆ, ಅದನ್ನು ಯಾಕೆ ಹೇಳಿದೆನೋ.

"ನೀನು ಈಗ ಹೋಗು," ಎಂದಳು. ದನಿ ಏರಿಸಲಿಲ್ಲ. ಅವಳು ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ನವೆಂಬರ್ ೨೧, ಶುಕ್ರವಾರ

ಯಾರ ಪ್ಯಾಂಟೂ ಒಪ್ಪಿಕೊಂಡಿರಲಿಲ್ಲ. ಫೋನೂ ಬರಲಿಲ್ಲ.

ನವೆಂಬರ್ ೨೩, ಭಾನುವಾರ

ಮಗಳಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. "ಅಮ್ಮ, ನಾನು ಚಿಕ್ಕೋಳಿದ್ದಾಗ ನಂಗೂ ನೀನು ಕಥೆ ಓದ್ತಿದ್ಯಲ್ಲ, ಅದರಲ್ಲೆಷ್ಟು ಪುಸ್ತಕದ್ದು?" ಎಂದು ಕೇಳಿದಳು. ಅರ್ಧ ಎಂದೆ. "ಅರ್ಧ ಅಂದ್ರೆ ಕಾಲು," ಎಂದು ನನ್ನ ಪಕ್ಕದಲ್ಲಿ ಕೂತಳು. ತುಂಬ ಹೊತ್ತು ಇಬ್ಬರೂ ಗುಂಡಿ ಬೇರೆ ಮಾಡುತ್ತಾ ಕೂತೆವು, ಬಿಳಿಯವು ಒಂದು ಕಡೆ, ಕಪ್ಪು ಒಂದು ಕಡೆ.

"ಕಾಜಾ ಆಂಟಿಗೆ ನಾನು ಫೋನ್ ಮಾಡ್ಲಾ?"

ಬೇಡ ಎಂದೆ. ಈ ಸಲವಾದರೂ ಅವಳಿಗೆ ಏನನ್ನಿಸಬೇಕು ಎನ್ನುವುದನ್ನು ಅವಳಿಗೇ ಬಿಡೋಣ.

ನವೆಂಬರ್ ೨೬, ಬುಧವಾರ

ಹನ್ನೊಂದು ಗಂಟೆಗೆ ಬಂದಳು. ಕಾರ್ಖಾನೆ ನಡೆಯುವ ಹೊತ್ತಿನಲ್ಲಿ ಕಾಜಾ ಹೊರಗೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತಳು, ನೀರು ಕೊಟ್ಟರೆ ಪಕ್ಕಕ್ಕಿಟ್ಟಳು.

"ನಾಲ್ಕು ವರ್ಷ ಕಾದಿದ್ದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ," ಎಂದಳು. "ಅದು ನನ್ನ ಹುಚ್ಚು. ನೀನು ಏನು ಓದಿದ್ರೂ ಕಾಯ್ತಿದ್ದೆ. ನಾನು ಔಷಧಿ ಅಂಗಡಿಯವನನ್ನ ಮದುವೆ ಆಗಿಬಿಡ್ತಿದ್ದೆ ಅಂತ ಅಂದ್ಕೊಂಡಿದ್ಯಾ? ಮುಖಕ್ಕೆ ಮುಖ ಕೊಟ್ಟು ಕೆಮ್ಮೋನು ಅವನು. ಆ ಪುಣ್ಯಾತ್ಮನ ವಿಷಯ ಬಿಡು."

"ಮತ್ತೆ ಅಕ್ಕ?"

"ಆಮೇಲಿನ ವರ್ಷಗಳ ಮಾತು ಹೇಳ್ತಿದೀನಿ." ನೀರಿನ ಲೋಟವನ್ನು ಇನ್ನಷ್ಟು ದೂರ ಸರಿಸಿದಳು. "ದೋಣಿಯವಳಿಗೆ ಬಂದ. ಅವಳೇನು ರೂಪವತಿಯಲ್ಲ, ಓದಿದವಳಲ್ಲ, ನನ್ನ ಹಾಗೆ ಕೈ ನಂಬಿಕೊಂಡವಳು. ಅವಳಿಗೂ ಬಂದ. ನನಗೆ ಬರ್ಲಿಲ್ಲ. ಹಾಗಾದ್ರೆ ಏನರ್ಥ? ನನ್ನಲ್ಲೇ ಏನೋ ಕಮ್ಮಿ ಇದೆ ಅಂತ ತಾನೆ? ಕಾಯೋದರಲ್ಲೇ ಏನೋ ತಪ್ಪು ಮಾಡಿದೆ, ಇಲ್ಲ ನನ್ನ ಮುಖದಲ್ಲೇ ಏನೋ ಇಲ್ಲ. ಎಷ್ಟು ವರ್ಷ ಕನ್ನಡಿ ಮುಂದೆ ನಿಂತು ಹಾಗಂದ್ಕೊಂಡೆ ಗೊತ್ತಾ ನಿಂಗೆ? ಮಾಸ್ಟರ್ ಆದ ಮೇಲೂ, ಇಪ್ಪತ್ತು ಜನಕ್ಕೆ ಕೆಲಸ ಹೇಳ್ಕೊಡೋ ಹಾಗಾದ ಮೇಲೂ."

ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು.

"ಅವಳಿಗೂ ಬರ್ಲಿಲ್ಲ ಅಂತ ಗೊತ್ತಿದ್ದಿದ್ರೆ, ನನ್ನ ಜೊತೆ ಇನ್ನೊಬ್ಬಳಿದಾಳೆ ಅಂತಾದ್ರೂ ಆಗ್ತಿತ್ತಲ್ಲೇ."

ನಾನು ಹೆದರಿದ್ದು ಒಂದಕ್ಕೆ, ಮಾಡಿದ್ದು ಇನ್ನೊಂದನ್ನು. ನಲವತ್ತೊಂದು ವರ್ಷ ಮಾಡದ ಅಪರಾಧಕ್ಕೆ ಪಶ್ಚಾತ್ತಾಪ ಪಟ್ಟಿದ್ದೆ. ಹೊಲಿಗೆ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

"ಅಳೋದು ಆಮೇಲೆ ಅತ್ಕೋ. ಆ ಪುಸ್ತಕ ತಾ. ಕೊನೇದನ್ನ ಓದು. ಇದ್ದದ್ದು ಇದ್ದ ಹಾಗೆ."

ಓದಿದೆ. ಹನ್ನೊಂದು ಪುಟ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ದನಿ ಎರಡು ಕಡೆ ಕೈಕೊಟ್ಟಿತು, ಅಲ್ಲಿ ನಿಂತು ಮತ್ತೆ ಓದಿದೆ. ಹಗ್ಗದ ಪುಟವನ್ನೂ ಹಿಂದಕ್ಕೆ ಹೋಗಿ ಓದಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ಕೊನೆಯ ಸಾಲು ಮುಗಿದ ಮೇಲೆ ಬೀದಿಯಲ್ಲಿ ಯಾರೋ ಗೇಟು ಹಾಕಿದ ಸದ್ದು ಕೇಳಿಸಿತು.

"ಚಹಾ ಕುಡಿದಿದ್ದು ಇನ್ನೊಂದ್ಸಲ ಓದು."

ಓದಿದೆ.

"ಬಿಸಿಬಿಸಿಯಾಗೇ ಕುಡಿದಳಾ?"

"ಬಿಸಿ ಅಂತಲೇ ಇದೆ ಅಕ್ಕ. ನಾನು ಸೇರಿಸಿದ್ದಲ್ಲ. ನೋಡು ಬೇಕಾದ್ರೆ."

ಪುಸ್ತಕ ತೆಗೆದುಕೊಂಡು ಆ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ತಾನೇ ಓದಿದಳು. ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಹೋಗಲಿಲ್ಲ. ಆಮೇಲೆ ಪುಸ್ತಕ ಮುಚ್ಚಿ, "ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗೋಣ," ಎಂದಳು.

"ಅದರಲ್ಲಿ ಅವನು ಬರ್ತಾನಂತಲ್ಲ ಅಕ್ಕ."

"ಬರ್ಲಿ. ಯಾವ ಮುಖ ಇಟ್ಕೊಂಡು ಬರ್ತಾನೋ ನಾನೂ ನೋಡ್ತೀನಿ."

ನವೆಂಬರ್ ೩೦, ಭಾನುವಾರ

ಹೋಗಿ ಬಂದೆವು.

ನನಗೆ ಹೊಳೆ ಹಿಡಿಸಿತು. ದೋಣಿಯವಳಾದ ಹುಡುಗಿ ಚೆನ್ನಾಗಿ ಮಾಡಿದ್ದಾಳೆ, ಆದರೆ ಹುಟ್ಟು ಹಾಕುವವಳ ಅಂಗೈ ಅಷ್ಟು ನುಣ್ಣಗಿರುವುದಿಲ್ಲ ಎಂದು ಕಾಜಾ ಮೂರು ಸಲ ಹೇಳಿದಳು. ಅವಳ ಬಟ್ಟೆಯ ಹೊಲಿಗೆ ಆ ಕಾಲದ್ದಲ್ಲ ಎಂದೂ ಹೇಳಿದಳು. ಹಗ್ಗದ ಪುಟವನ್ನು ಅವರೂ ಹಾರಿಸಿದ್ದಾರೆ.

ಕೊನೆಯಲ್ಲಿ ಅವನು ಬಂದ. ಕಾರಿನಲ್ಲಿ, ಸೇತುವೆಯ ನಟ್ಟನಡುವೆ ಇಳಿದು, ಎರಡೂ ಕೈ ಚಾಚಿಕೊಂಡು, ಹಾಡಿನ ಸಮೇತ. ಜನ ಚಪ್ಪಾಳೆ ತಟ್ಟಿದರು, ಹಿಂದೆ ಯಾರೋ ಶಿಳ್ಳೆ ಹೊಡೆದರು. ನಾನು ಕಾಜಾಳ ಕಡೆ ನೋಡಲು ಧೈರ್ಯ ಸಾಲದೆ ಪರದೆಯನ್ನೇ ನೋಡುತ್ತಿದ್ದೆ. ಅವಳು ನನ್ನ ಕಿವಿಗೆ ಬಗ್ಗಿದಳು.

"ನೀನು ಕರ್ಕೊಂಡು ಬಂದಿದ್ದು ಇದಕ್ಕಿಂತ ಚೆನ್ನಾಗಿತ್ತು ಕಣೇ."

ನಗು ಬಂತು, ಅಳುವೂ ಬಂತು, ಎರಡನ್ನೂ ಕರವಸ್ತ್ರದಲ್ಲಿ ಮುಚ್ಚಿಕೊಂಡೆ.

ದೀಪ ಹತ್ತಿದವು. ಜನ ಏಳತೊಡಗಿದರು. ನಮ್ಮ ಮುಂದಿನ ಸಾಲಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ಜೊತೆಯವಳಿಗೆ ಹೇಳುತ್ತಿದ್ದಳು: "ಸದ್ಯ ಬಂದನಲ್ಲ. ಬರದೇ ಹೋಗಿದ್ರೆ ಪಾಪ ಅವಳ ಗತಿ ಏನಾಗ್ತಿತ್ತೋ."

ಕಾಜಾ ಅವಳ ಹೆಗಲು ಮುಟ್ಟಿದಳು. "ಅವನು ಬರ್ಲಿಲ್ಲಮ್ಮ. ಇವರು ಸುಮ್ಮನೆ ತೋರಿಸಿದ್ದು. ಪುಸ್ತಕದಲ್ಲಿ ಬರಲ್ಲ."

ಹುಡುಗಿ ಪೂರ್ತಿ ತಿರುಗಿ ನಿಂತಳು. "ಅಯ್ಯೋ, ಹೌದಾ ಆಂಟಿ? ಮತ್ತೆ ಅವಳು?"

"ಅವಳಾ?" ಕಾಜಾ ಎದ್ದು ನಿಂತು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. "ಅವಳು ಚೆನ್ನಾಗಿದಾಳೆ."